ಹದಿನೇಳನೆಯ ಸೀಸೆ

ದಾನಮ್ಮನ ಉಸಿರಿಗೆ ಆಸ್ಪತ್ರೆಯ ಬಾಗಿಲಿನ ಪೆಟ್ಟಿಗೆ ಮೊದಲ ಸಲ ಕೆಂಪು ದೀಪ ತೋರಿಸಿದ ದಿನ ನಾನು ಪ್ರಯೋಗಾಲಯದಲ್ಲಿ ಪೇಡೆ ಹಂಚುತ್ತಿದ್ದೆ. ನಾವು ತಯಾರಿಸಿದ ಪುಡಿ ಆ ವಾರ ಹತ್ತು ಲಕ್ಷನೆಯ ಮನೆಯನ್ನು ಮುಟ್ಟಿತ್ತು. ಆ ಕೆಂಪು ದೀಪಕ್ಕೂ ನಮ್ಮ ಪುಡಿಗೂ ಸಂಬಂಧವಿದೆ ಎಂದು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ದಾನಮ್ಮ ನನ್ನ ಅಕ್ಕ, ನನಗಿಂತ ಹನ್ನೊಂದು ವರ್ಷ ದೊಡ್ಡವಳು. ರಾಯಚೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ನರ್ಸ್ ಆಗಿದ್ದಳು. ಅವ್ವ ತೀರಿಕೊಂಡಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪ ಕುಡಿದು ಕುಡಿದು ಹೋದಾಗ ನನಗೆ ಒಂಬತ್ತು. ಆಮೇಲೆ ನನ್ನನ್ನು ಬೆಳೆಸಿದವಳು ಅಕ್ಕನೇ. ಮದುವೆಯ ಮಾತು ಬಂದಾಗಲೆಲ್ಲ "ನೀಲಾಂದು ಓದು ಮುಗೀಲಿ" ಎಂದು ಮುಂದೂಡುತ್ತಿದ್ದಳು. ನಾನು ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳುವ ಹೊತ್ತಿಗೆ ಆ ಮಾತನ್ನೆತ್ತುವವರೇ ಉಳಿದಿರಲಿಲ್ಲ. ನಾನೂ ಮದುವೆಯಾಗಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದೆವು.

ನಮ್ಮ ಕಡೆಯ ಬೇಸಿಗೆ ಐವತ್ತು ಡಿಗ್ರಿ ಮುಟ್ಟತೊಡಗಿದ ಕಾಲ ಅದು. ಹೊಲದಲ್ಲಿ, ಕಲ್ಲುಗಣಿಯಲ್ಲಿ, ಅಕ್ಕಿ ಗಿರಣಿಯಲ್ಲಿ ದುಡಿಯುವವರು ಮಧ್ಯಾಹ್ನಕ್ಕೆ ಜೋಳದ ಅಂಬಲಿಯನ್ನೇ ನಂಬಿದ್ದರು. ಆದರೆ ಬೆಳಿಗ್ಗೆ ತುಂಬಿಸಿಕೊಂಡ ಅಂಬಲಿ ಹತ್ತು ಗಂಟೆಗೆಲ್ಲ ಕೆಟ್ಟು ನೊರೆಬಿಡುತ್ತಿತ್ತು. ಒಂದೇ ಮೇ ತಿಂಗಳಲ್ಲಿ ಕೆಟ್ಟ ಅಂಬಲಿ ಕುಡಿದು, ವಾಂತಿಭೇದಿಯಾಗಿ, ಬಿಸಿಲಲ್ಲಿ ಬಿದ್ದು ಸತ್ತವರು ಜಿಲ್ಲೆಯಲ್ಲಿ ನಾನೂರಕ್ಕೂ ಹೆಚ್ಚು. ಅದಕ್ಕೊಂದು ಉಪಾಯ ಹುಡುಕುವ ಕೆಲಸ ನಮ್ಮ ಆಹಾರ ಸಂಶೋಧನಾ ಕೇಂದ್ರಕ್ಕೆ ಬಂತು, ಅಲ್ಲಿಂದ ನನ್ನ ಮೇಜಿಗೆ.

ನಾನು ಈಸ್ಟನ್ನು ಆರಿಸಿಕೊಂಡೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಅದೇ ಸೂಕ್ಷ್ಮಜೀವಿ. ಅದರ ಆಹಾರ ಸಕ್ಕರೆ. ಗಾಳಿ ಧಾರಾಳವಾಗಿ ಸಿಕ್ಕರೆ ತನ್ನ ಸಂತತಿ ಬೆಳೆಸಿಕೊಳ್ಳುತ್ತದೆ. ಗಾಳಿ ಸಿಗದಿದ್ದರೆ ಅದೇ ಸಕ್ಕರೆಯನ್ನು ಮದ್ಯಸಾರವಾಗಿ, ಅನಿಲವಾಗಿ ಒಡೆದು ಹೇಗೋ ಜೀವ ಹಿಡಿದುಕೊಳ್ಳುತ್ತದೆ. ಸಾಮಾನ್ಯ ಈಸ್ಟ್ ನಲವತ್ತು ಡಿಗ್ರಿಗೆ ಸುಸ್ತಾಗುತ್ತದೆ. ನಾವು ಆರು ವರ್ಷ ಬೆಳೆಸಿ, ಆರಿಸಿ, ತಿದ್ದಿ ತೆಗೆದ ತಳಿ ನಲವತ್ತೆಂಟರಲ್ಲೂ ಚುರುಕಾಗಿತ್ತು. ಒಂದು ಚಿಟಿಕೆ ಹಾಕಿದರೆ ಅಂಬಲಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಜಾಗ ಬಿಡುತ್ತಿರಲಿಲ್ಲ, ಜೀವಸತ್ವಗಳನ್ನೂ ಸೇರಿಸುತ್ತಿತ್ತು. ಬಾಯ್ತೆರೆದ ಗಡಿಗೆಯಲ್ಲಿ ಅದು ಉಂಟುಮಾಡುವ ಮದ್ಯಸಾರ ಕಳಿತ ಬಾಳೆಹಣ್ಣಿನಲ್ಲಿ ಇರುವುದಕ್ಕಿಂತ ಕಡಿಮೆ. ಜನ ಅದಕ್ಕೆ ತಂಪುಪುಡಿ ಎಂದು ಹೆಸರಿಟ್ಟರು.

ಬಿಡುಗಡೆಗೆ ಮುಂಚಿನ ಕೊನೆಯ ಪರೀಕ್ಷೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಉದ್ದನೆಯ ಮೇಜಿನ ಮೇಲೆ ಇಪ್ಪತ್ನಾಲ್ಕು ಸೀಸೆಗಳ ಜಾಗ. ಒಂದೊಂದಕ್ಕೂ ಒಂದೊಂದು ಸ್ಥಿತಿ: ಇದಕ್ಕೆ ಇಪ್ಪತ್ತೈದು ಡಿಗ್ರಿ, ಅದಕ್ಕೆ ನಲವತ್ತೈದು, ಒಂದರಲ್ಲಿ ಬೆಲ್ಲ ಹೆಚ್ಚು, ಇನ್ನೊಂದರಲ್ಲಿ ಉಪ್ಪು ಹೆಚ್ಚು, ಕೆಲವಕ್ಕೆ ಗಾಳಿ ಉಂಟು, ಕೆಲವಕ್ಕಿಲ್ಲ. ಸೀಸೆಯ ಬಾಯಿಗೆ ಬಲೂನು ಕಟ್ಟುತ್ತಿದ್ದೆವು. ಹುದುಗು ಎದ್ದಷ್ಟೂ ಬಲೂನು ಉಬ್ಬುತ್ತಿತ್ತು. ಲಕ್ಷಾಂತರ ರೂಪಾಯಿ ಬೆಲೆಯ ಯಂತ್ರಗಳಿದ್ದರೂ ನಮ್ಮ ತಂತ್ರಜ್ಞೆ ಮೆಹಜಬೀನ್ ಮೊದಲು ದರ್ಜಿಯ ಟೇಪಿನಿಂದ ಬಲೂನಿನ ಸುತ್ತಳತೆ ತೆಗೆದು ಪುಸ್ತಕದಲ್ಲಿ ಬರೆದೇ ಮುಂದಿನ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ಹದಿನಾಲ್ಕು, ಹದಿನೈದು, ಹದಿನಾರನೆಯ ಸೀಸೆಗಳಲ್ಲಿ ನಾವು ಮನುಷ್ಯನ ಜಠರದ ಆಮ್ಲವನ್ನು ಅನುಕರಿಸಿದ್ದೆವು. ಮೂರರಲ್ಲೂ ಈಸ್ಟ್ ಎರಡು ಗಂಟೆಯೊಳಗೆ ಸತ್ತಿತು. ಕುಡಿದದ್ದು ಹೊಟ್ಟೆಯಲ್ಲೇ ಮುಗಿಯುತ್ತದೆ, ಕರುಳನ್ನು ತಲುಪುವುದಿಲ್ಲ ಎಂದು ನಾನು ಟಿಪ್ಪಣಿ ಬರೆದೆ.

ಮೆಹಜಬೀನ್ ಇನ್ನೂ ಖಾಲಿಯಿದ್ದ ಹದಿನೇಳನೆಯ ಸೀಸೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಮೇಡಂ, ಗ್ಯಾಸಿನ ಗುಳಿಗಿ ತಗೊಳ್ಳೋರ ಹೊಟ್ಟ್ಯಾಗ ಇಷ್ಟು ಆಸಿಡ್ ಇರಂಗಿಲ್ಲಲ್ರೀ? ಆಸಿಡ್ ಕಮ್ಮಿ ಮಾಡಿ, ಗಾಳಿ ಬಂದ್ ಮಾಡಿ, ಮೈ ಬಿಸಿಯಷ್ಟ ಇಟ್ಟು ಒಂದು ನೋಡೂಣೇನು?"

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಆ ಪರೀಕ್ಷೆ ನಡೆಸಲು ಹೊಸ ದ್ರಾವಣ ತಯಾರಿಸಬೇಕು, ಮತ್ತೆ ಮೂರು ವಾರ ಹಿಡಿಯುತ್ತದೆ. ಹೊರಗೆ ಮಾರ್ಚ್ ಮುಗಿಯುತ್ತಾ ಬಂದಿತ್ತು.

"ಏಪ್ರಿಲ್ಲಿನ್ಯಾಗ ಜನ ಸಾಯ್ಲಿಕತ್ತಿರ್ತಾರ ಮೆಹಜಬೀನ್. ಅದು ಮುಂದ ನೋಡೂಣು. ಹದಿನೆಂಟು ತಗೋ" ಎಂದೆ.

ಅವಳು ಪುಸ್ತಕದಲ್ಲಿ ಹದಿನೇಳರ ಮುಂದೆ ಒಂದು ಗೆರೆ ಎಳೆದು ಹದಿನೆಂಟಕ್ಕೆ ಹೋದಳು. ಆ ಬೇಸಿಗೆ ಅಂಬಲಿಯಿಂದ ಸತ್ತವರು ಮೂವರು ಮಾತ್ರ.

*

ಉಸಿರು ಪೆಟ್ಟಿಗೆಗಳು ಬಂದು ಆಗ ಎರಡು ವರ್ಷವಾಗಿತ್ತು. ಬಸ್ಸಿನ ಸ್ಟಿಯರಿಂಗ್ ಮುಂದೆ, ಶಾಲೆಯ ಗೇಟಿನಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ಉಸಿರಿನಲ್ಲಿ ಮದ್ಯವಿದೆಯೇ ಎಂದು ನೋಡುವ ಅಂಗೈಯಗಲದ ಒಂದು ಪೆಟ್ಟಿಗೆ. ಊದಬೇಕು, ಹಸಿರು ಬಂದರೆ ಹಾಜರಿ, ಕೆಂಪು ಬಂದರೆ ಬಾಗಿಲು ತೆರೆಯದು. ಜನ ಬೇಗ ಹೊಂದಿಕೊಂಡರು. ಕೆಮ್ಮಿನ ಔಷಧಿ ಕುಡಿದವರು ಅರ್ಧ ಗಂಟೆ ಕಟ್ಟೆಯ ಮೇಲೆ ಕಾಯುತ್ತಿದ್ದರು. ಪುಟ್ಟ ಮಕ್ಕಳು ಮನೆಯ ಬಾಗಿಲ ಚಿಲಕಕ್ಕೂ 'ಫೂ' ಎಂದು ಊದಿ ಒಳಗೆ ಬರುತ್ತಿದ್ದರು.

ಪುಡಿ ಬಿಡುಗಡೆಯಾದ ಮರುವರ್ಷ, ಮಾರ್ಚಿನಲ್ಲಿ, ಮೊದಲ ಸಲ ಕೆಂಪು ಬಂದಾಗ ಅಕ್ಕ ಮನೆಗೆ ಬಂದು ನಕ್ಕಳು. "ಪೆಟ್ಟಿಗಿಗೆ ಹುಚ್ಚು ಹಿಡದೈತಿ. ನನ್ನಂಥಾಕಿಗೆ ಕೆಂಪು ತೋರಿಸ್ತದ."

ನಾನೂ ನಕ್ಕೆ. ಆಗಷ್ಟೇ ಅವಳಿಗೆ ದವಡೆ ಹಲ್ಲು ಕೀವಾಗಿ ಹತ್ತು ದಿನ ಆ್ಯಂಟಿಬಯಾಟಿಕ್ ನುಂಗಿ ಮುಗಿಸಿದ್ದಳು. ಆ ಔಷಧಿಯದ್ದೇನೋ ಇರಬೇಕು ಅಂದುಕೊಂಡೆ.

ಆದರೆ ಮುಂದಿನ ವಾರಗಳಲ್ಲಿ ಮನೆಯಲ್ಲೇ ಬೇರೆ ಥರ ಕಾಣತೊಡಗಿತು. ಮಧ್ಯಾಹ್ನ ಅನ್ನ ಉಂಡು ಒಂದೆರಡು ಗಂಟೆಯಾದರೆ ಅಕ್ಕನ ಮಾತು ತೊದಲುತ್ತಿತ್ತು. ಕಣ್ಣಂಚು ಕೆಂಪಗಾಗುತ್ತಿತ್ತು. ಒಂದು ದಿನ ಹಾಲಿನ ಪಾತ್ರೆ ಕೆಡವಿ, ಚೆಲ್ಲಿದ ಹಾಲಿನ ಪಕ್ಕದಲ್ಲೇ ಕುಳಿತು ಕಾರಣವಿಲ್ಲದೆ ಅತ್ತಳು. ಎಬ್ಬಿಸಲು ಬಗ್ಗಿದಾಗ ಅವಳ ಬಾಯಿಂದ ವಾಸನೆ ಬಂತು. ನನಗೆ ಆ ವಾಸನೆಯ ಪರಿಚಯವಿತ್ತು. ಒಂಬತ್ತು ವರ್ಷ ಅದರೊಂದಿಗೇ ಮಲಗಿ ಎದ್ದಿದ್ದೆ.

ಮರುದಿನ ಅಕ್ಕ ಸ್ನಾನಕ್ಕೆ ಹೋದಾಗ ನಾನು ಮನೆ ಹುಡುಕಿದೆ. ಬಟ್ಟೆಯ ಕಪಾಟು, ಅಕ್ಕಿಯ ಡಬ್ಬಿ, ಹಾಸಿಗೆಯ ಕೆಳಗೆ, ಅಪ್ಪ ಬಾಟಲಿ ಬಚ್ಚಿಡುತ್ತಿದ್ದಂಥ ಎಲ್ಲ ಜಾಗಗಳಲ್ಲೂ. ಏನೂ ಸಿಗಲಿಲ್ಲ. ಏನೂ ಸಿಗದಿದ್ದಕ್ಕೆ ನನಗೆ ನಿರಾಳವಾಗಬೇಕಿತ್ತು. ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಾಳೆ ಎಂದು ಸಿಟ್ಟು ಬಂತು. ತಿರುಗಿ ನೋಡಿದರೆ ಅಕ್ಕ ಒದ್ದೆ ಕೂದಲಲ್ಲಿ ಬಾಗಿಲ ಬಳಿ ನಿಂತಿದ್ದಳು.

"ಏನ್ ಹುಡುಕ್ಲಿಕತ್ತಿ ನೀಲಾ?"

"ನಿನಗ ಗೊತ್ತದ."

ಅವಳು ಹತ್ತಿರ ಬಂದು ನನ್ನ ಕೈ ಹಿಡಿದಳು. "ನಾ ಕುಡದಿಲ್ಲವ್ವಾ. ಆದ್ರ ನನಗ ಏನೋ ಆಗ್ಲಿಕತ್ತದ. ತಲಿ ಗಿರ್ ಅಂತದ, ಬಾಯಿ ಹಿಡಿತದಾಗ ಇರಂಗಿಲ್ಲ. ನೀ ಇಷ್ಟು ಓದೀದಿ, ಸ್ವಲ್ಪ ನೋಡಿ ಹೇಳು ಏನಿದು ಅಂತ."

"ಇದಕ್ಕ ಓದಬೇಕಾಗಿಲ್ಲ ಅಕ್ಕ. ಅಪ್ಪನೂ ಹಿಂಗ ಅಂತಿದ್ದ."

ಆ ಮಾತು ಆಡಿದ ಕೂಡಲೇ ಅವಳು ನನ್ನ ಕೈ ಬಿಟ್ಟಳು.

ಮೂರನೆಯ ಕೆಂಪು ದೀಪ ಜೂನಿನಲ್ಲಿ ಬಂತು. ಒಳಗೆ ಚೊಚ್ಚಲ ಹೆರಿಗೆಯ ಹುಡುಗಿಯೊಬ್ಬಳು ದಾನಮ್ಮ ಸಿಸ್ಟರೇ ಬೇಕು ಎಂದು ಕೂಗುತ್ತಿದ್ದಳಂತೆ. ಹೊರಗೆ ಬಾಗಿಲು ತೆರೆಯದೆ ಅಕ್ಕ ಮತ್ತೆ ಮತ್ತೆ ಊದುತ್ತಿದ್ದಳು. ಆ ಹುಡುಗಿಯ ಕಡೆಯವರಲ್ಲೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದ. ಸಂಜೆಯೊಳಗೆ 'ಕುಡುಕಿ ನರ್ಸ್' ಊರಿನ ಎಲ್ಲ ಫೋನುಗಳಲ್ಲಿದ್ದಳು. ಅವಳ ಕೈಯಲ್ಲಿ ಹುಟ್ಟಿದ ಮಕ್ಕಳು ಆ ಊರಿನಲ್ಲಿ ಸಾವಿರಾರು. ಅವರ ತಾಯಂದಿರೂ ಅದನ್ನು ನೋಡಿದರು.

ಅಮಾನತಿನ ಪತ್ರ ಬಂದ ಮೂರನೆಯ ದಿನ ನಾನು ಅವಳನ್ನು ಊರ ಹೊರಗಿನ ವ್ಯಸನಮುಕ್ತಿ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅವಳು ವಾದ ಮಾಡಲಿಲ್ಲ. ತನ್ನ ಬಟ್ಟೆ, ಬಾಚಣಿಗೆ, ವರ್ಷಗಳಿಂದ ನುಂಗುತ್ತಿದ್ದ ಗ್ಯಾಸಿನ ಗುಳಿಗೆಯ ಪಟ್ಟಿ, ಎಲ್ಲವನ್ನೂ ತಾನೇ ಚೀಲಕ್ಕೆ ಹಾಕಿಕೊಂಡಳು. ದಾಖಲಾತಿ ಹಾಳೆಯಲ್ಲಿ 'ರೋಗಿ ಮದ್ಯಪಾನವನ್ನು ಒಪ್ಪಿಕೊಂಡಿದ್ದಾರೆಯೇ?' ಎಂಬ ಸಾಲಿತ್ತು. ಇಲ್ಲ ಎಂದು ಬರೆದು ಪಕ್ಕದಲ್ಲಿ ನಾನೇ ಸೇರಿಸಿದೆ: 'ಆದರೆ ಕುಟುಂಬಕ್ಕೆ ಖಚಿತವಾಗಿದೆ.'

*

ಇಪ್ಪತ್ತು ದಿನದ ಮೇಲೆ ಕೇಂದ್ರದ ಮೇಲ್ವಿಚಾರಕ ಫೋನು ಮಾಡಿದ. "ಮೇಡಂ, ನಿಮ್ಮ ಅಕ್ಕಾರ್ನ ಒಂಟಿ ಕೋಣ್ಯಾಗ ಇಟ್ಟೀವಿ. ಕೀಲಿ ನನ್ನ ಹತ್ರ ಅದ. ಆದ್ರೂ ದಿನಾ ಮಧ್ಯಾಹ್ನ ಕುಡದಿರ್ತಾರ. ಯಾರ್ ತಂದ್ ಕೊಡ್ಲಿಕತ್ತಾರ ಹೇಳ್ರಿ, ಇಲ್ಲಂದ್ರ ಕರಕೊಂಡ್ ಹೋಗ್ರಿ."

ಬೇರೆ ಯಾರದೋ ಅಕ್ಕನಾಗಿದ್ದರೆ ಆ ಕ್ಷಣವೇ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಬೀಗ ಹಾಕಿದ ಕೋಣೆ, ಹೊರಗಿನಿಂದ ಏನೂ ಇಲ್ಲ, ಆದರೂ ಮದ್ಯಸಾರ. ಹೊಸ ವಿದ್ಯಾರ್ಥಿಯೂ ಇದರಲ್ಲಿ ಪ್ರಶ್ನೆ ಹುಡುಕುತ್ತಾನೆ. ನನಗೆ ನಾಚಿಕೆ ಮಾತ್ರ ಆಯಿತು.

ಊಟದ ಹೊತ್ತಿನಲ್ಲಿ ಮೆಹಜಬೀನ್ ಮುಂದೆ ಅದನ್ನೇ ಹೇಳಿಕೊಂಡು ಅತ್ತೆ. ರೊಟ್ಟಿ ಮುರಿಯುತ್ತಿದ್ದ ಅವಳ ಕೈ ನಿಂತಿತು.

"ಅಲ್ಲಿ ಊಟಕ್ಕ ಏನ್ ಕೊಡ್ತಾರ್ರೀ?"

"ಅನ್ನ, ಸಾರು, ಅಂಬಲಿ. ಎಲ್ಲಾ ಕಡೆ ಕೊಡೂದ."

"ಅಂಬಲಿಗೆ ನಮ್ಮ ಪುಡಿನ ಹಾಕ್ತಾರಲ್ಲ?"

ನಾನು ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದಳು: "ದಾನಮ್ಮಕ್ಕ ಗ್ಯಾಸಿನ ಗುಳಿಗಿ ತಗೋತಾರಲ್ರೀ ಮೇಡಂ?"

ನಾವು ಊಟ ಮುಗಿಸಲಿಲ್ಲ. ಅವಳು ಕಪಾಟಿನಿಂದ ಹಳೆಯ ಪುಸ್ತಕ ತೆಗೆದು ಹದಿನೇಳರ ಮುಂದಿನ ಗೆರೆಯನ್ನು ನನಗೆ ತೋರಿಸಿದಳು. ಈ ಸಲ ದ್ರಾವಣಕ್ಕೆ ಕಾಯಲಿಲ್ಲ. ಇದ್ದ ರಾಸಾಯನಿಕಗಳಿಂದಲೇ ಹೊಂದಿಸಿಕೊಂಡೆವು. ಅನ್ನದ ಗಂಜಿ, ಅದರ ಪಿಷ್ಟವನ್ನು ಸಕ್ಕರೆಯಾಗಿಸಲು ಕರುಳಿನಲ್ಲಿರುವಂಥ ಕಿಣ್ವ, ಮೂವತ್ತೇಳು ಡಿಗ್ರಿ ಬಿಸಿ, ಗುಳಿಗೆ ನುಂಗಿದವರ ಹೊಟ್ಟೆಯಲ್ಲಿರುವಷ್ಟೇ ದುರ್ಬಲ ಆಮ್ಲ. ಗಾಳಿ ತಾಗದಂತೆ ಮೇಲೆ ಎಣ್ಣೆಯ ಪದರ. ಮೆಹಜಬೀನ್ ಬಲೂನು ಕಟ್ಟಿದಳು.

ಮೊದಲ ಒಂದು ಗಂಟೆ ಏನೂ ಆಗಲಿಲ್ಲ. ಆಗದಿರಲಿ ಎಂದು ನಾನು ಬೇಡಿಕೊಂಡೆ, ಆಗಲಿ ಎಂದೂ ಬೇಡಿಕೊಂಡೆ. ಎರಡನೆಯ ಗಂಟೆಗೆ ಬಲೂನು ತಲೆಯೆತ್ತಿತು. ನಾಲ್ಕನೆಯ ಗಂಟೆಯ ಹೊತ್ತಿಗೆ ಅದರ ಸುತ್ತಳತೆ ಉಳಿದ ಯಾವ ಸೀಸೆಯಲ್ಲೂ ನಾವು ಕಂಡಿರದಷ್ಟಾಗಿತ್ತು. ಗಂಜಿಯ ಮದ್ಯಸಾರ ಅಳೆದೆ. ಬಿಯರಿನ ಮಟ್ಟ. ಬಿಸಿಲಿಗೆ ಬಗ್ಗದಂತೆ ನಾವೇ ಸಾಕಿದ ತಳಿಗೆ ಮನುಷ್ಯನ ಮೈಬಿಸಿ ಹಿತವಾಗಿತ್ತು. ದುರ್ಬಲ ಆಮ್ಲವನ್ನು ದಾಟಿ, ಆ್ಯಂಟಿಬಯಾಟಿಕ್ಕಿನಿಂದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತು ಖಾಲಿಯಾಗಿದ್ದ ಕರುಳಿನಲ್ಲಿ ಅದು ಮನೆ ಮಾಡಿತ್ತು. ನನ್ನ ಅಕ್ಕ ಉಂಡ ಪ್ರತಿ ತುತ್ತು ಅನ್ನವೂ ಅವಳೊಳಗೇ ಹೆಂಡವಾಗುತ್ತಿತ್ತು.

ಅದೇ ಅಂಬಲಿಯನ್ನು ಮನೆಯಲ್ಲಿ ಅವಳ ಜೊತೆ ನಾನೂ ದಿನಾ ಕುಡಿದಿದ್ದೆ. ನನಗೇನೂ ಆಗಿರಲಿಲ್ಲ. ನಾನು ಗ್ಯಾಸಿನ ಗುಳಿಗೆ ತೆಗೆದುಕೊಳ್ಳುತ್ತಿರಲಿಲ್ಲ.

*

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋದೆ. ಅಕ್ಕನ ಜೊತೆ ನನ್ನನ್ನೂ ಕೋಣೆಯೊಳಗೆ ಕೂಡಿಸಿ ಬೀಗ ಹಾಕಿ ಎಂದೆ. ಮೇಲ್ವಿಚಾರಕ ವಿಚಿತ್ರವಾಗಿ ನೋಡಿದ, ಆದರೆ ಹಾಕಿದ. ಅಕ್ಕ ತೆಳ್ಳಗಾಗಿದ್ದಳು. ಯಾಕೆ ಬಂದೆ ಎಂದು ಕೇಳಲಿಲ್ಲ. ಅವಳ ಕೈಗೆ ಪುಟ್ಟ ಉಸಿರು ಪೆಟ್ಟಿಗೆ ಕೊಟ್ಟು ಊದಿಸಿದೆ. ಸೊನ್ನೆ. ಬುತ್ತಿಯಲ್ಲಿ ತಂದಿದ್ದ ಬರೀ ಅನ್ನ, ನೀರು ಕೊಟ್ಟೆ. ಉಂಡಳು. ಅರ್ಧರ್ಧ ಗಂಟೆಗೆ ಊದಿಸುತ್ತಾ ಹೋದೆ. ಮೂರನೆಯ ಗಂಟೆಗೆ ಪೆಟ್ಟಿಗೆ ಕೆಂಪಾಯಿತು. ಅವಳ ಕಣ್ಣು ಮಂಜಾಗುತ್ತಿದ್ದುದನ್ನು ಎದುರಿಗೇ ಕುಳಿತು ನೋಡಿದೆ.

ನಾನು ಎಲ್ಲವನ್ನೂ ಹೇಳಿದೆ. ಪುಡಿಯದ್ದು, ಗುಳಿಗೆಯದ್ದು, ನಾನು ಬೇಡವೆಂದು ಬಿಟ್ಟ ಸೀಸೆಯದ್ದು. ಅವಳ ಕಾಲು ಹಿಡಿದೆ. ಅವಳು ಗೋಡೆಗೆ ಒರಗಿ, ನಾಲಿಗೆ ತೊದಲುತ್ತಿದ್ದರೂ ಒಂದೊಂದೇ ಮಾತು ಜೋಡಿಸಿ ಹೇಳಿದಳು:

"ಸೀಸೆ ಬಿಟ್ಟಿ, ಅದಿರ್ಲಿ. ಜನ ಸಾಯ್ಲಿಕತ್ತಿದ್ರು, ನಿನಗ ಅವಸರ ಇತ್ತು. ಅದನ್ನ ನಾ ತಿಳ್ಕೋತೀನಿ. ಆದ್ರ ನಾ ಕುಡದಿಲ್ಲ ಅಂದಿದ್ನಲ್ಲ ನೀಲಾ. ನಿನ್ನ ಕೈ ಹಿಡಕೊಂಡು ಹೇಳಿದ್ನಲ್ಲ."

ನಾನು ಬಾಗಿಲು ತಟ್ಟಿ ಬೀಗ ತೆಗೆಸಿ, ಅವಳ ಚೀಲ ಹೊತ್ತು ಮನೆಗೆ ಕರೆದುಕೊಂಡು ಬಂದೆ.

ಅಕ್ಕನ ಚಿಕಿತ್ಸೆ ಸುಲಭವಾಗಿತ್ತು. ಶಿಲೀಂಧ್ರ ನಾಶಕ ಗುಳಿಗೆ ಆರು ವಾರ, ಅನ್ನ ಸಕ್ಕರೆ ಬಂದ್, ಅಂಬಲಿ ಬಂದ್. ನಾಲ್ಕನೆಯ ವಾರಕ್ಕೇ ಉಸಿರು ತಿಳಿಯಾಯಿತು.

ನಮ್ಮ ಕೇಂದ್ರದ ನಿರ್ದೇಶಕ ವೆಂಕೋಬರಾಯರು ಕೆಟ್ಟವರಲ್ಲ. ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಪೊಟ್ಟಣದ ಮೇಲೆ ಒಂದು ಸೂಚನೆ ಹಾಕೋಣ. ಗ್ಯಾಸಿನ ಗುಳಿಗಿ ತಗೊಳ್ಳೋರು ಉಪಯೋಗಿಸಬಾರ್ದು ಅಂತ. ವಾಪಸ್ ತಗೊಂಡ್ರ ಮುಂದಿನ ಬ್ಯಾಸಿಗ್ಯಾಗ ಏನಾಗ್ತದ ನಿಮಗ ಗೊತ್ತಲ್ಲ?"

"ಪೊಟ್ಟಣ ಓದೋರು ಎಷ್ಟು ಮಂದಿ ಸರ್? ಮತ್ತ ಈಗಾಗ್ಲೇ ಆದವ್ರಿಗೆ ಯಾರು ಹೇಳೋರು?"

ನಾನು ಆ ಸಂಜೆಯೇ ವರದಿಯನ್ನು ಪತ್ರಿಕೆಗಳಿಗೆ ಕಳಿಸಿದೆ, ಹದಿನೇಳನೆಯ ಸೀಸೆಯ ವಿಷಯವನ್ನೂ ಮುಚ್ಚಿಡದೆ. ಪುಡಿಯನ್ನು ಹಿಂದಕ್ಕೆ ಪಡೆದರು. ನನ್ನನ್ನು ಸಂಶೋಧನೆಯಿಂದ ತೆಗೆದು ನೀರಿನ ಮಾದರಿ ಪರೀಕ್ಷಿಸುವ ವಿಭಾಗಕ್ಕೆ ಹಾಕಿದರು. ಮುಂದಿನ ಬೇಸಿಗೆಯಲ್ಲಿ ಕೆಟ್ಟ ಅಂಬಲಿ ಮತ್ತೆ ಬಂತು. ನೂರಾರು ಜನ ಮತ್ತೆ ಸತ್ತರು. ವೆಂಕೋಬರಾಯರು ಹೇಳಿದ್ದು ಸುಳ್ಳಾಗಿರಲಿಲ್ಲ.

ಪತ್ರಿಕೆಯಲ್ಲಿ ಬಂದ ಮೇಲೆ ಕಾಗದಗಳು ಬರತೊಡಗಿದವು. ಕೆಲಸ ಕಳೆದುಕೊಂಡವರು, ಮನೆಯಿಂದ ಹೊರಹಾಕಿಸಿಕೊಂಡವರು, ಮಗಳ ನಿಶ್ಚಿತಾರ್ಥ ಮುರಿದುಬಿದ್ದವರು. ರಜೆಯ ದಿನಗಳಲ್ಲಿ ನಾನೂ ಮೆಹಜಬೀನೂ ಒಬ್ಬೊಬ್ಬರ ಮನೆಗೂ ಹೋದೆವು. ಮಾನ್ವಿ ಕಡೆಯ ಹುಸೇನಪ್ಪ ಎಂಬವರು ಶಾಲಾ ಬಸ್ಸಿನ ಚಾಲಕರಾಗಿದ್ದರು. ಪೆಟ್ಟಿಗೆ ಕೆಂಪಾಗಿ ಕೆಲಸ ಹೋಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ನಾವು ಹೋದಾಗ ಅವರು ಹೊರಸಿನ ಮೇಲೆ ಮಲಗಿದ್ದರು. ಗುಳಿಗೆ ಕೊಡುತ್ತೇವೆ, ಆರು ವಾರದಲ್ಲಿ ಗುಣವಾಗುತ್ತದೆ ಎಂದೆ.

"ಬ್ಯಾಡ್ರೀ ತಾಯಿ" ಎಂದು ಅವರು ಹೊರಸಿನ ಕೆಳಗಿನ ಬಾಟಲಿಯತ್ತ ಕೈ ತೋರಿಸಿದರು. "ಆಗ ಕುಡೀತಿದ್ದಿಲ್ಲ, ಯಾರೂ ನಂಬಲಿಲ್ಲ. ಈಗ ಖರೇನ ಕುಡೀತೀನಿ."

ಮೆಹಜಬೀನ್ ಆ ದಿನ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅಳುತ್ತಿದ್ದಳು. ಪ್ರಶ್ನೆ ಕೇಳಿ ಸುಮ್ಮನಾದದ್ದು ತನ್ನದೂ ತಪ್ಪು ಎಂದಳು. ಅಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

*

ಅಕ್ಕನನ್ನು ಆಸ್ಪತ್ರೆಯವರು ಕ್ಷಮೆ ಕೇಳಿ ಮರಳಿ ಕರೆದರು. ಹೋದಳು. ಮೊದಲ ದಿನ ಬಾಗಿಲಲ್ಲಿ ಹಸಿರು ದೀಪ ಬಂದಾಗ ಒಳಗಿದ್ದವರು ಚಪ್ಪಾಳೆ ತಟ್ಟಿದರಂತೆ. ಅದಾಗಿ ಒಂದು ತಿಂಗಳಿಗೆ ಆಸ್ಪತ್ರೆಯ ವಸತಿಗೃಹದಲ್ಲಿ ಕೋಣೆ ಸಿಕ್ಕಿದೆ, ಪಾಳಿಗೆ ಅನುಕೂಲ ಎಂದು ಅಲ್ಲಿಗೆ ಹೋದಳು. ಜಗಳವಾಗಲಿಲ್ಲ. ತನ್ನ ಸಾಮಾನು ಕಟ್ಟಿಕೊಳ್ಳುವಾಗ ನನಗೆ ಒಂದು ವಾರಕ್ಕಾಗುವಷ್ಟು ಚಟ್ನಿಪುಡಿ ಕುಟ್ಟಿಟ್ಟು ಹೋದಳು.

ಪ್ರತಿ ಭಾನುವಾರ ನಾನು ಅವಳ ಕೋಣೆಗೆ ಹೋಗುತ್ತಿದ್ದೆ. ಒಮ್ಮೊಮ್ಮೆ ಮೆಹಜಬೀನ್ ನನಗಿಂತ ಮೊದಲೇ ಅಲ್ಲಿ ಬಂದಿರುತ್ತಿದ್ದಳು. ಅಕ್ಕ ಚಹಾ ಕೊಡುತ್ತಿದ್ದಳು. ಹವಾಮಾನ, ತರಕಾರಿ, ಯಾರದೋ ಮಗಳ ಹೆರಿಗೆ, ಎಲ್ಲ ಮಾತಾಡುತ್ತಿದ್ದಳು. ತನಗೆ ಕಾಲು ನೋಯುತ್ತದೆ, ನಿದ್ದೆ ಬರುವುದಿಲ್ಲ, ಯಾರೋ ಏನೋ ಅಂದರು, ಇಂಥ ಮಾತು ಮಾತ್ರ ಒಂದೂ ಬರುತ್ತಿರಲಿಲ್ಲ. ನಾನು ಕೇಳಿದರೆ "ಆರಾಮದೀನಿ" ಎನ್ನುತ್ತಿದ್ದಳು.

ಮೂರು ವರ್ಷದ ಮೇಲೆ ಒಂದು ಬುಧವಾರ ಕೆಲಸದಲ್ಲಿದ್ದಾಗ ಮೆಹಜಬೀನ್ ರಜೆಯಲ್ಲಿದ್ದಾಳೆಂದು ತಿಳಿಯಿತು. ಫೋನು ಮಾಡಿದೆ. ಅವಳು ತಡವರಿಸಿದಳು. "ಮೇಡಂ, ನಿಮಗ ಹೇಳಬ್ಯಾಡ ಅಂದಿದ್ರು. ದಾನಮ್ಮಕ್ಕಗ ಪಿತ್ತಕೋಶದ ಆಪರೇಷನ್ ಆತು, ನಿನ್ನೆ. ನಾ ಇಲ್ಲೇ ಅದೀನಿ."

ನಾನು ಹೋದಾಗ ಸಾಯಂಕಾಲ ಐದು ಗಂಟೆ. ಅಕ್ಕ ದಿಂಬಿಗೆ ಒರಗಿ ಕುಳಿತಿದ್ದಳು, ಮೆಹಜಬೀನ್ ಅವಳ ಕೂದಲು ಬಾಚಿ ಹೆಣೆಯುತ್ತಿದ್ದಳು. ನನ್ನನ್ನು ಕಂಡು ಅಕ್ಕ ನಕ್ಕಳು.

"ಬಂದ್ಯಾ? ಬಾ, ಕುಂದ್ರು. ಈ ಬಿಸಿಲಾಗ ಯಾಕ ಬರ್ಲಿಕ್ಕೆ ಹೋದಿ?"

"ಯಾಕ ಹೇಳ್ಲಿಲ್ಲ ಅಕ್ಕ?"

"ಏನ್ ದೊಡ್ಡದಲ್ಲ ಬಿಡು. ನಿನಗ್ಯಾಕ ತ್ರಾಸು ಅಂತ." ಅವಳ ದನಿಯಲ್ಲಿ ಸಿಟ್ಟು ಹುಡುಕಿದೆ. ಇರಲಿಲ್ಲ.

ಪಾಳಿಯ ನರ್ಸ್ ಬಂದು ಜ್ವರ ನೋಡಿ, ಹಾಳೆಯಲ್ಲಿ ಬರೆಯುತ್ತಾ ಕೇಳಿದಳು: "ರೋಗಿ ಜೋಡಿ ಇಲ್ಲಿ ಯಾರು ಉಳಿತೀರಿ? ಒಬ್ರಿಗೆ ಮಾತ್ರ ಅದ."

"ನಾನು" ಎಂದೆ.

ಅದೇ ಕ್ಷಣದಲ್ಲಿ ಅಕ್ಕ "ಮೆಹಜಬೀನ್" ಎಂದಳು.

ನರ್ಸ್ ನಮ್ಮಿಬ್ಬರನ್ನೂ ನೋಡಿದಳು. ಮೆಹಜಬೀನ್ ಬಾಚಣಿಗೆ ಹಿಡಿದು ತಲೆ ತಗ್ಗಿಸಿದಳು. ಅಕ್ಕ ನನ್ನ ಮೊಣಕೈ ಮುಟ್ಟಿ, ಮಕ್ಕಳಿಗೆ ಹೇಳುವಂತೆ ಮೆತ್ತಗೆ ಹೇಳಿದಳು: "ನಿನಗ ನಾಳೆ ಕೆಲ್ಸ ಇರ್ತದಲ್ಲವ್ವಾ. ಆಕಿ ಇರ್ತಾಳ."

ನಾನು ತಂದಿದ್ದ ಮೋಸಂಬಿಗಳನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಳಿತೆ. ಏಳು ಗಂಟೆಗೆ, ಭೇಟಿಯ ಸಮಯ ಮುಗಿಯಿತೆಂದು ಜವಾನ ಗಂಟೆ ಬಾರಿಸಿದಾಗ, ಅಕ್ಕಪಕ್ಕದ ಹಾಸಿಗೆಗಳಿಗೆ ಬಂದಿದ್ದವರ ಜೊತೆ ನಾನೂ ಎದ್ದು ಹೊರಟೆ.